ತೂಕದಣ್ಣನ ತೂಕ

"ಅಲ್ಲಾಡಬೇಡ ಪುಟ್ಟಿ! ಆ ಚೀಲ ಕೆಳಗಿಡು, ಅದರ ತೂಕಾನೂ ನಿನ್ನ ಲೆಕ್ಕಕ್ಕೇ ಬರುತ್ತೆ!"

ಕ್ಯಾಬಿನ್ನಿನ ಕಿಟಕಿಯಿಂದ ಕತ್ತು ಹೊರಹಾಕಿ ಅಣ್ಣ ಕೂಗಿದ. ತಂಗಿ ಕೈಚೀಲವನ್ನು ತನ್ನ ಕಾಲ ಬುಡದಲ್ಲೇ ಇಟ್ಟು ನೆಟ್ಟಗೆ ನಿಂತಳು.

"ಅಯ್ಯೋ ಮಹಾತಾಯಿ, ಪ್ಲಾಟ್‌ಫಾರಂ ಮೇಲೇ ಇಟ್ಟರೆ ಏನು ಬಂತು ಭಾಗ್ಯ? ಆಚೆ ನೆಲದ ಮೇಲಿಡು."

"ಆಚೆ ಇಡೋಕೆ ಇಳೀಬೇಕು, ಇಳಿದ್ರೆ ಮತ್ತೆ ಹತ್ತಬೇಕು. ನನ್ನ ಮಂಡಿಗೇನು ನಿನ್ನ ಲಾರಿಗಳ ಥರ ಇಂಜಿನ್ ಕೂರಿಸಿದಾರಾ?"

"ಸರಿ ಬಿಡು, ಇರ್ಲಿ. ಈ ಮೆಷಿನ್ನಿಗೆ ಚೀಲ ಗೀಲ ಕಣ್ಣಿಗೇ ಬೀಳಲ್ಲ."

ಅದಂತೂ ನಿಜ. ಅರವತ್ತು ಟನ್ ತಡೆಯುವ, ಲಾರಿ ತೂಗುವ ವೇಬ್ರಿಜ್ ಅದು. ಹದಿನಾಲ್ಕು ಚಕ್ರದ ಲಾರಿ ಹತ್ತಿ ನಿಲ್ಲುವಷ್ಟು ಉದ್ದದ ಕಬ್ಬಿಣದ ಹಾಸು, ಅದರ ನಟ್ಟನಡುವೆ ಸ್ವೆಟರ್ ತೊಟ್ಟ ಒಬ್ಬಳೇ ಹೆಂಗಸು. ಒಂದು ಕೆಜಿ ಎರಡು ಕೆಜಿ ಎಂಬ ಚಿಲ್ಲರೆ ಮಾತು ಆ ಯಂತ್ರಕ್ಕೆ ಬರುವುದಿಲ್ಲ. ಏನಿದ್ದರೂ ಹತ್ತು ಹತ್ತರಲ್ಲೇ ಹೇಳುತ್ತದೆ. ನೂರ ಹತ್ತು, ಇಲ್ಲವೇ ನೂರ ಇಪ್ಪತ್ತು. ನಡುವೆ ಇರುವವರು ಯಾವುದು ಹತ್ತಿರವೋ ಅದಕ್ಕೆ ಸೇರಿಕೊಳ್ಳಬೇಕು.

ಕಂಬದ ಮೇಲಿನ ದೊಡ್ಡ ಬೋರ್ಡಿನಲ್ಲಿ ಗೇಣುದ್ದದ ಕೆಂಪು ಅಂಕಿಗಳು ಒಂದೆರಡು ಸಲ ತಡಕಾಡಿ ನಿಂತವು.

"ನೂರ ಮೂವತ್ತು!" ಎಂದು ಅಣ್ಣ ಗಟ್ಟಿಯಾಗಿ ಕೂಗಿ, ಆಮೇಲೆ ನಾಲಿಗೆ ಕಚ್ಚಿಕೊಂಡ.

ಅದು ಅವನ ಅಭ್ಯಾಸ. ಚೀಟಿ ಅಚ್ಚಾಗಿ ಬರುವ ಮೊದಲೇ ತೂಕವನ್ನು ಬಾಯಿಬಿಟ್ಟು ಕೂಗಬೇಕು, ಡ್ರೈವರ್ ಕೇಳಿಸಿಕೊಂಡು ತಲೆಯಾಡಿಸಬೇಕು, ಆಮೇಲೆ ಕಾಗದ. ಇಪ್ಪತ್ತೊಂದು ವರ್ಷದಿಂದ ಹೀಗೇ ನಡೆದಿದೆ. ಬೇರೆ ಕಡೆ ತೂಕ ಹಾಕಿಸಿ ಜಗಳಕ್ಕೆ ನಿಂತವರೂ ಕೊನೆಗೆ ಇಲ್ಲಿಗೇ ಬರುತ್ತಾರೆ. ತೂಕದಣ್ಣ ಹೇಳಿದ ಅಂದರೆ ಮುಗಿಯಿತು, ಆಮೇಲೆ ಯಾರೂ ಕಮಕ್ ಕಿಮಕ್ ಅನ್ನುವುದಿಲ್ಲ. ಅವನ ಹೆಸರು ಅರ್ಧ ಜನಕ್ಕೆ ಗೊತ್ತೂ ಇಲ್ಲ.

"ಇಡೀ ರಸ್ತೆಗೆ ಡಂಗುರ ಹೊಡೀಬೇಕಿತ್ತಾ?" ಎಂದಳು ತಂಗಿ. ನಗಲು ನೋಡಿದಳು, ಆಗಲಿಲ್ಲ. ಬೋರ್ಡನ್ನೇ ನೋಡುತ್ತಾ ನಿಂತಳು.

ಬೆಳಗಿನ ಆರೂವರೆ. ಲಾರಿಗಳು ಬರುವುದು ಏಳರ ಮೇಲೆ. ಅದಕ್ಕೆಂದೇ ಇಷ್ಟು ಬೇಗ ಬಂದಿದ್ದಳು. ಅವಳ ಮನೆಯ ಸಣ್ಣ ತೂಕದ ಯಂತ್ರ ನೂರ ಇಪ್ಪತ್ತು ದಾಟಿದರೆ ಅಂಕಿ ತೋರಿಸುವುದನ್ನೇ ಬಿಟ್ಟು ಎರಡು ಗೆರೆ ಎಳೆದು ಸುಮ್ಮನಾಗುತ್ತಿತ್ತು. ಮುಂದಿನ ಗುರುವಾರ ಆಸ್ಪತ್ರೆಗೆ ಹೋಗಬೇಕು. ಕೊನೆಯ ಪರೀಕ್ಷೆ, ಆಮೇಲೆ ಆಪರೇಷನ್ನಿಗೆ ದಿನ ಗೊತ್ತು ಮಾಡುತ್ತಾರೆ. ಅಲ್ಲಿ ಹೋಗಿ ಎಲ್ಲರೆದುರು ಎದೆ ಧಸಕ್ಕೆನ್ನುವುದು ಬೇಡ, ಧಸಕ್ಕೆನ್ನುವುದಿದ್ದರೆ ಅಣ್ಣನ ಮುಂದೆಯೇ ಅನ್ನಲಿ ಎಂಬುದು ಅವಳ ಲೆಕ್ಕ.

ಅವಳು ಪುಟ್ಟ ಮಕ್ಕಳ ಶಾಲೆಯ ಟೀಚರು. ಹೋದ ತಿಂಗಳು ಮಕ್ಕಳ ಜೊತೆ ನೆಲದ ಮೇಲೆ ಕೂತು ಮಣಿ ಪೋಣಿಸುತ್ತಿದ್ದವಳಿಗೆ ಏಳಲು ಆಗಲಿಲ್ಲ. ಒಂದು ಕೈ ಊರಿದಳು, ಎರಡು ಕೈ ಊರಿದಳು. ಮಂಡಿ ಒಪ್ಪಲಿಲ್ಲ. ಆಯಾ ಒಂದು ಕಡೆ, ಹೆಡ್‌ಮೇಡಂ ಒಂದು ಕಡೆ ಹಿಡಿದು ಎತ್ತಿದಾಗ ಇಪ್ಪತ್ತಾರು ಮಕ್ಕಳೂ ಇದೊಂದು ಆಟವೆಂದುಕೊಂಡು ಚಪ್ಪಾಳೆ ತಟ್ಟಿದವು. ಆ ರಾತ್ರಿ ಅಣ್ಣನಿಗೆ ಫೋನ್ ಮಾಡಿ, "ನಾನೂ ನಿನ್ನ ಹಾಗೆ ಹೊಟ್ಟೆ ಕೊಯ್ಸಿಕೋತೀನಿ" ಅಂದಿದ್ದಳು.

ನಿನ್ನ ಹಾಗೆ! ಆರು ವರ್ಷದ ಹಿಂದೆ ಇದೇ ಕಬ್ಬಿಣದ ಮೇಲೆ ಅವನು ನಿಂತಾಗ ಬೋರ್ಡು ನೂರೈವತ್ತು ತೋರಿಸಿತ್ತು. ಡಾಕ್ಟರು ತೂಕ ಇಳಿಸಲೆಂದು ಹೊಟ್ಟೆಯೊಳಗಿನ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಹೊಲಿದು ಕಳಿಸಿದರು. ಒಂದೂವರೆ ವರ್ಷಕ್ಕೆ ಎಂಬತ್ತೆರಡಕ್ಕೆ ಬಂದ. ಡ್ರೈವರುಗಳು ಕ್ಯಾಬಿನ್ನಿಗೆ ಬಂದು, "ತೂಕದಣ್ಣ ಎಲ್ಲಿ?" ಎಂದು ಅವನನ್ನೇ ಕೇಳಿದ್ದರು. ಆಸ್ಪತ್ರೆಯವರು ಮೊದಲಿನದೊಂದು, ಆಮೇಲಿನದೊಂದು ಫೋಟೋ ಅಕ್ಕಪಕ್ಕ ಹಾಕಿ ಕಾಯುವ ಕೋಣೆಯ ಗೋಡೆಗೆ ತಗುಲಿಸಿದರು. ಬಂದವರಿಗೆಲ್ಲ ಅದನ್ನೇ ತೋರಿಸುತ್ತಾರಂತೆ.

ಈಗ ಯಾರು ಕೇಳಿದರೂ ಅವನು ಹೇಳುವುದು ತೊಂಬತ್ತೆರಡು. ಮೂರು ವರ್ಷದಿಂದ ತೊಂಬತ್ತೆರಡೇ. ಅದೇನು ತೂಕವೋ, ಬಾಗಿಲಿಗೆ ಬರೆದ ಮನೆ ನಂಬರೋ! ನಾಲ್ಕು ತಿಂಗಳ ಹಿಂದೆ ಒಂದು ಮುಂಜಾನೆ, ಯಾರೂ ಇಲ್ಲದಾಗ, ಅವನು ಕದ್ದು ಪ್ಲಾಟ್‌ಫಾರಂ ಹತ್ತಿದ್ದ. ನೂರ ಹತ್ತು ಬಂತು. ನೂರ ಹತ್ತು ಅಂದರೆ ನೂರ ಐದೂ ಇರಬಹುದಲ್ಲ ಎಂದುಕೊಂಡು ಇಳಿದು ಬಂದು ಟೀ ಕುಡಿದ. ಲಾರಿಯವರು ಐವತ್ತು ಕೆಜಿ ಬಿಟ್ಟುಕೊಡು ಎಂದು ಗೋಗರೆದರೂ ಹತ್ತು ಕೂಡ ಬಿಡದ ಮನುಷ್ಯ, ತನಗೆ ತಾನು ಐದು ಬಿಟ್ಟುಕೊಂಡ.

ಅವನ ಮನೆಯ ತೂಕದ ಯಂತ್ರ ಬೀರುವಿನ ಮೇಲೆ ಸೂಟ್‌ಕೇಸುಗಳ ಕೆಳಗೆ ಸೇರಿತ್ತು. ಹೆಂಡತಿಗೆ ಎಲ್ಲ ಗೊತ್ತು. ಅಂಗಿಯ ಗುಂಡಿಗಳನ್ನು ಸರಿಸಿ ಹೊಲಿಯುವವಳು ಅವಳೇ ಅಲ್ಲವೇ. ಅವಳು ಒಮ್ಮೆ ಕೇಳಿದಳು, ಇವನು ರೇಗಿದ. ಮತ್ತೆ ಅವಳು ಕೇಳಲಿಲ್ಲ.

ತಂಗಿಗೆ ನಿಜ ಹೇಳಬೇಕೆಂದು ಈ ಒಂದು ತಿಂಗಳಲ್ಲಿ ನಾಲ್ಕು ಸಲ ಫೋನ್ ಕೈಗೆತ್ತಿಕೊಂಡಿದ್ದ. ಹೇಳಿದರೆ ಅವಳು ಹೆದರಿ ಹಿಂದೆ ಸರಿದುಬಿಟ್ಟರೆ? ಅವಳ ಸಕ್ಕರೆ ಕಾಯಿಲೆ ದಿನೇ ದಿನೇ ಏರುತ್ತಿತ್ತು. ಹೇಳದಿದ್ದರೆ, ಕೊಯ್ಸಿಕೊಂಡ ಮೇಲೆ ಎಲ್ಲ ಮುಗಿಯಿತು ಎಂದು ನಂಬಿ ಅವಳೂ ಇದೇ ಗುಂಡಿಗೆ ಬೀಳುತ್ತಾಳೆ. ಇಷ್ಟು ಅವನಿಗೆ ಗೊತ್ತಿತ್ತು. ಇದರ ಕೆಳಗೆ ಇನ್ನೊಂದಿತ್ತು: ಅವನಿಗೆ ನಾಚಿಕೆಯಾಗುತ್ತಿತ್ತು. ಫೋನ್ ಕೆಳಗಿಡಿಸಿದ್ದು ಅದೇ.

"ಆಯ್ತಲ್ಲ, ಇಳಿ ಇನ್ನು. ರ‍್ಯಾಂಪ್ ಕಡೆಯಿಂದ ನಡ್ಕೊಂಡು ಬಾ," ಎಂದ.

ಲಾರಿ ಹತ್ತಿಳಿಯುವ ಇಳಿಜಾರಿನ ಆ ರ‍್ಯಾಂಪು ಮೂವತ್ತು ಹೆಜ್ಜೆ ದೂರ. ತಂಗಿ ಅಡ್ಡದಾರಿ ನೋಡಿದಳು. ಚೀಲ ಎತ್ತಿಕೊಳ್ಳಲು ಬಗ್ಗಿ, ಪಕ್ಕದ ಅಂಚಿನ ಕಡೆ ತಿರುಗಿದಳು. ಕಬ್ಬಿಣದ ಮೇಲೆ ಇಬ್ಬನಿ ಇತ್ತು, ನಿನ್ನೆಯ ಲಾರಿಗಳು ತೊಟ್ಟಿಕ್ಕಿಸಿದ ಎಣ್ಣೆಯೂ ಇತ್ತು. ಜಾರಿದ ಕಾಲನ್ನು ಸಂಭಾಳಿಸಲು ಹೋಗಿ ಮಂಡಿ ಹಿಡಿದುಕೊಂಡು, ಮೆಲ್ಲಗೆ, ಮಕ್ಕಳ ನಡುವೆ ಕೂರುವವಳಂತೆ ಕೂತೇಬಿಟ್ಟಳು.

"ಪೆಟ್ಟಾಯ್ತಾ?"

"ಇಲ್ಲ." ಒಂದು ಕೈ ಊರಿದಳು. ಎರಡು ಕೈ ಊರಿದಳು. "ಅಣ್ಣಾ," ಎಂದಳು. "ಏಳೋಕೆ ಆಗ್ತಿಲ್ಲ ಕಣೋ."

ಆ ದನಿ ಕೇಳಿದ್ದೇ ಅವನು ಕುರ್ಚಿ ದೂಡಿ ಹೊರಗೆ ಓಡಿದ. ಕ್ಯಾಬಿನ್ನಿನ ಗೋಡೆಗೆ ಅವನದೇ ಕೈಬರಹದ ಬೋರ್ಡಿದೆ: ತೂಕದ ಸಮಯದಲ್ಲಿ ಪ್ಲಾಟ್‌ಫಾರಂ ಮೇಲೆ ಯಾರೂ ಹತ್ತಬಾರದು. ಇದಕ್ಕಾಗಿ ಎಷ್ಟು ಡ್ರೈವರುಗಳಿಗೆ ಬೈದಿದ್ದನೋ ಲೆಕ್ಕವಿಲ್ಲ. ಈಗ ತಾನೇ ದಡಬಡ ಹತ್ತಿ, ತಂಗಿಯ ಹಿಂದೆ ನಿಂತು, ಕಂಕುಳಿಗೆ ಕೈ ಕೊಟ್ಟು, "ಒಂದು, ಎರಡು, ಹಾಂ!" ಎಂದು ಎತ್ತಿದ. ಇಬ್ಬರೂ ಏದುಸಿರು ಬಿಡುತ್ತಾ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು.

ತಂಗಿಯ ಕಣ್ಣು ಅವನ ಭುಜದಾಚೆ ಕಂಬದ ಮೇಲೆ ಹೋಯಿತು.

"ಇನ್ನೂರ ನಲವತ್ತು," ಎಂದು ಓದಿದಳು.

ಅವನು ತಿರುಗಿ ನೋಡಲಿಲ್ಲ. ಒಂದು ಕಾಲನ್ನು ಮೆಲ್ಲಗೆ ಅಂಚಿನ ಕಡೆ ಸರಿಸಿದ. ಅದರಿಂದ ಏನೂ ಆಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು!

"ನಾನು ನೂರ ಮೂವತ್ತು. ಈಗ ತಾನೇ ಕೂಗಿದೆಯಲ್ಲ," ಎಂದಳು ತಂಗಿ. ಮಕ್ಕಳಿಗೆ ಮಣಿ ಇಟ್ಟು ಕಳೆಯುವ ಲೆಕ್ಕ ಕಲಿಸುವವಳು. "ಹಾಗಾದ್ರೆ ನೀನು?"

"ಮೆಷಿನ್ನು ಒಂದೊಂದು ಸಲ..." ಎಂದು ಶುರುಮಾಡಿದ. ಇಪ್ಪತ್ತೊಂದು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

"ಮೆಷಿನ್ನಿಗೆ ಏನಾದ್ರೂ ಆಗಿದ್ಯಾ?"

"ಇಲ್ಲ," ಎಂದ. "ಸರಿಯಾಗೇ ಇದೆ."

ಕ್ಯಾಬಿನ್ನಿನಲ್ಲಿ ಕುರ್ಚಿಯನ್ನು ತಂಗಿಗೆ ಬಿಟ್ಟು ಅವನು ಬ್ಯಾಟರಿ ಪೆಟ್ಟಿಗೆಯ ಮೇಲೆ ಕೂತ. ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟ. ಅವಳು ಮುಟ್ಟಲಿಲ್ಲ. ಅಚ್ಚಿನ ಯಂತ್ರದ ಪಕ್ಕದ ಡ್ರಾಯರು ಅರ್ಧ ತೆರೆದಿತ್ತು. ಒಳಗೆ ಚೀಟಿಯ ಸುರುಳಿ, ಎರಡು ಬಿಸ್ಕತ್ತಿನ ಪೊಟ್ಟಣ, ಅದರ ಹಿಂದೆ ಸಕ್ಕರೆ ಕಾಯಿಲೆಯ ಮಾತ್ರೆ. ಅದೇ ಮಾತ್ರೆಯನ್ನು ಅವಳೂ ನುಂಗುತ್ತಿದ್ದುದರಿಂದ ಗುರುತು ಹಿಡಿಯಲು ಕಷ್ಟವಾಗಲಿಲ್ಲ.

"ಇದೂ ವಾಪಸ್ ಬಂತಾ?"

"ಹೋದ ವರ್ಷದಿಂದ."

"ನೋಡು, ನೀನು ದಪ್ಪ ಆಗಿದೀಯ ಅಂತ ನನ್ನ ಕಣ್ಣಿಗೆ ಕಾಣಿಸ್ತಿತ್ತು. ನಾನೇನು ಕುರುಡಿಯಲ್ಲ," ಎಂದಳು. ದನಿ ಏರತೊಡಗಿತು. "ಆದ್ರೂ ನನ್ನ ಕಣ್ಣೇ ಸುಳ್ಳು ಅಂದ್ಕೊಂಡೆ. ಯಾಕೆ ಗೊತ್ತಾ? ಹೇಳಿದ್ದು ನೀನು. ಊರಿಗೆಲ್ಲ ತೂಕ ಹೇಳೋನು ತಂಗಿಗೆ ಸುಳ್ಳು ಹೇಳ್ತಾನಾ ಅಂತ."

ಅವನು ಅಂಗೈ ಉಜ್ಜಿಕೊಂಡ. ಅವಳು ಬಿಡಲಿಲ್ಲ.

"ಹೇಗಾಯ್ತು? ಹೊಟ್ಟೇನೇ ಇಲ್ವಲ್ಲ ನಿಂಗೆ! ಎರಡು ತುತ್ತಿಗೆ ಸಾಕು ಸಾಕು ಅಂತಿದ್ದೆ."

"ಊಟಕ್ಕೆ ಈಗ್ಲೂ ಅಷ್ಟೇ. ಒಂದು ಸಣ್ಣ ತಟ್ಟೆ ಅನ್ನ ಮುಗಿಸೋಕೆ ಆಗಲ್ಲ. ಆದ್ರೆ ಬಿಸ್ಕತ್ತನ್ನ ಟೀಯಲ್ಲಿ ಅದ್ದಿ ತಿಂದ್ರೆ ಹೊಟ್ಟೆಗೆ ಗೊತ್ತೇ ಆಗಲ್ಲ ಪುಟ್ಟಿ. ಜಾರ್ಕೊಂಡು ಹೋಗುತ್ತೆ. ಒಂದು ಲಾರಿ ಹೋಗಿ ಇನ್ನೊಂದು ಬರೋವರೆಗೆ ಇಲ್ಲಿ ಏನು ಮಾಡ್ಲಿ? ಒಂದು ಅದ್ದೋದು. ಇನ್ನೊಂದು ಲಾರಿ, ಇನ್ನೊಂದು ಬಿಸ್ಕತ್ತು." ಅವನು ತಡೆದು ಹೇಳಿದ. "ಮೊದಲನೇ ವರ್ಷ ಎಲ್ರೂ ಬಂದು ಆಹಾ ಓಹೋ ಅಂದ್ರು. ಆಮೇಲೆ ಅವರಿಗೆ ಅಭ್ಯಾಸ ಆಗೋಯ್ತು. ನನಗೆ ಆಗ್ಲಿಲ್ಲ. ಹೊಗಳಿಸಿಕೊಳ್ಳೋದಕ್ಕೂ ಒಂದು ಹಸಿವು ಇರುತ್ತೆ ನೋಡು."

"ಡಾಕ್ಟರ ಹತ್ರ ಹೋಗಬೇಕಿತ್ತು."

"ಹೋಗಬೇಕಿತ್ತು. ವರ್ಷಕ್ಕೊಂದು ಸಲ ಬಾ ಅಂದಿದ್ರು. ನಾಲ್ಕು ಕೆಜಿ ಏರಿತ್ತು, ಅದನ್ನ ಇಳಿಸ್ಕೊಂಡು ಹೋಗೋಣ ಅಂದ್ಕೊಂಡೆ. ಅದು ಎಂಟಾಯ್ತು. ಎಂಟು ಇಳಿಸ್ಕೊಂಡು ಹೋಗೋಣ ಅಂದ್ಕೊಂಡೆ." ಕಿಟಕಿಯಾಚೆ ನೋಡಿದ. "ಅಲ್ಲಿ ಗೋಡೆ ಮೇಲೆ ನನ್ನ ಫೋಟೋ ಇದೆಯಲ್ಲ. ಅದರ ಕೆಳಗೆ ಈ ಹೊಟ್ಟೆ ಹೊತ್ಕೊಂಡು ಹೆಂಗೆ ಕೂರ್ಲಿ?"

ಅಷ್ಟರಲ್ಲಿ ಹಾರನ್ನು. ಮರಳಿನ ಲಾರಿ ಬಂದು ಪ್ಲಾಟ್‌ಫಾರಂ ಹತ್ತಿ ನಿಂತಿತು. ಮಾತು ನಿಲ್ಲಿಸದ ಕಾರಣಕ್ಕೆ ರೇಡಿಯೋ ಎಂದು ಹೆಸರಾದ ಡ್ರೈವರು ಕೆಳಗಿಳಿದು, "ತೂಕದಣ್ಣಾ, ಇವತ್ತು ಅಕ್ಕಾವ್ರನ್ನ ಕೂರಿಸಿದೀಯಾ ಕುರ್ಚೀಲಿ? ನಿನಗೆ ರಿಟೈರ್‌ಮೆಂಟಾ?" ಎಂದು ಒದರಿದ. ಅಣ್ಣ ತಂಗಿಯ ಭುಜದ ಮೇಲಿಂದ ಬಗ್ಗಿ ಗುಂಡಿ ಒತ್ತಿದ. ಅಂಕಿ ನಿಂತಿತು.

"ಹದಿನೆಂಟು ಸಾವಿರದ ನಾನೂರ ಐವತ್ತು!"

ರೇಡಿಯೋ ಬೋರ್ಡಿನ ಕಡೆ ತಲೆ ಕೂಡ ಎತ್ತಲಿಲ್ಲ. "ಸರಿ ಅಣ್ಣ," ಎಂದು ಚೀಟಿ ಜೇಬಿಗಿಟ್ಟುಕೊಂಡು ಹೊರಟುಹೋದ.

ತಂಗಿ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ಅವನಿಗೆ ಹೇಳ್ದ ಹಾಗೆ ನನಗೂ ಹೇಳಬಹುದಿತ್ತು," ಎಂದಳು. ಅಷ್ಟೇ ಹೇಳಿ, ಬಾಗಿಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಸ್ ನಿಲ್ದಾಣದ ಕಡೆ ನಡೆದಳು.

ಆಮೇಲೆ ಅವಳು ಫೋನ್ ಎತ್ತಲಿಲ್ಲ. ಶುಕ್ರವಾರ ಎರಡು ಸಲ, ಶನಿವಾರ ಮೂರು ಸಲ ಮಾಡಿದ. ಭಾನುವಾರ ಅವಳ ಗಂಡ ಎತ್ತಿ, "ಭಾವ, ಅವಳು ಆಸ್ಪತ್ರೆಗೇ ಹೋಗಲ್ಲ ಅಂತಿದಾಳೆ. ಏನಂದ್ರಿ ನೀವು?" ಎಂದು ಕೇಳಿದ. ಅಣ್ಣ ಫೋನ್ ಕೆಳಗಿಟ್ಟ. ಹೇಳದೆ ಕೆಡಿಸಿದ್ದು ಒಂದು, ಈಗ ಹೇಳಿ ಕೆಡಿಸಿದ್ದು ಇನ್ನೊಂದು. ಅದೂ ತಾನಾಗಿ ಹೇಳಿದ್ದಲ್ಲ, ಬೋರ್ಡು ಹೇಳಿದ್ದು.

ಸೋಮವಾರ ಅವನು ಅವಳ ಶಾಲೆಗೇ ಹೋದ. ಮಕ್ಕಳು ಮಲಗುವ ಹೊತ್ತು. ತಂಗಿ ವರಾಂಡದಲ್ಲಿ ದೊಡ್ಡವರ ಕುರ್ಚಿಯೊಂದನ್ನು ಹಾಕಿಕೊಂಡು ಕಾವಲು ಕೂತಿದ್ದಳು. ಅವನಿಗೆ ಕೂರಲು ಇದ್ದದ್ದು ಮಕ್ಕಳ ಮರದ ಮಣೆ. ಕೂತ. ಅದು ಕಿರ್ರೆಂದಿತು.

"ಮುರಿದ್ರೆ ಹೊಸದು ತಂದುಕೊಡ್ಬೇಕು," ಎಂದಳು ಪಿಸುದನಿಯಲ್ಲಿ.

"ಪುಟ್ಟಿ, ಆಪರೇಷನ್ ಸುಳ್ಳಲ್ಲ. ನಾಲ್ಕು ವರ್ಷ ಸಕ್ಕರೆ ಮಾತ್ರೆ ಇಲ್ದೆ ಬದುಕಿದೆ. ಮೆಟ್ಟಿಲು ಹತ್ತಿದೆ. ಈಗ್ಲೂ ನೂರೈವತ್ತಕ್ಕೆ ಹೋಗಿಲ್ಲ. ಸುಳ್ಳು ಹೇಳಿದ್ದು ನಾನು, ಡಾಕ್ಟರಲ್ಲ. ನನ್ನ ಮೇಲಿನ ಸಿಟ್ಟಿಗೆ ನಿನ್ನ ಮಂಡಿ ಕೆಡಿಸ್ಕೋಬೇಡ."

"ಸಿಟ್ಟಲ್ಲ ಕಣೋ." ಅವಳ ಕಣ್ಣು ತುಂಬಿತು. "ಭಯ. ಕತ್ತಿ ಹಾಕ್ತಾರೆ ಅಂತ ಅಲ್ಲ. ಆರು ವರ್ಷದ ಮೇಲೆ ನಾನೂ ಹಿಂಗೇ ಒಂದು ಡ್ರಾಯರ್ ಮುಚ್ಕೊಂಡು ಒಬ್ಬಳೇ ಕೂತಿರ್ತೀನಲ್ಲ, ಅದರ ಭಯ. ನೀನೇ ಹಿಂಗಾದೆ. ನಿನ್ನಷ್ಟು ಗಟ್ಟಿ ಅಲ್ಲ ನಾನು."

ಒಳಗೆ ಒಂದು ಮಗು ಕೆಮ್ಮಿತು. ಇಬ್ಬರೂ ಕಿವಿಗೊಟ್ಟರು. ಮಗು ಮತ್ತೆ ಮಲಗಿತು.

"ಗುರುವಾರ ಹತ್ತು ಗಂಟೆಗೆ," ಎಂದಳು ತಂಗಿ, ಮೂಗು ಒರೆಸಿಕೊಂಡು. "ನಿನ್ನ ಹಳೇ ಫೈಲೂ ತಗೊಂಡು ಬಾ. ನೀನು ಆ ತೂಕದ ಮೆಷಿನ್ ಹತ್ತಿದ್ರೆ ನಾನೂ ಹತ್ತೀನಿ. ನೀನು ಬರದಿದ್ರೆ ನಾನು ಇಲ್ಲೇ, ಇವರ ಜೊತೆ ಮಣಿ ಪೋಣಿಸ್ತಾ ಇರ್ತೀನಿ. ಎತ್ತೋಕೆ ಆಯಾ ಇದಾಳೆ."

ಗುರುವಾರ ಅವನು ವೇಬ್ರಿಜ್ಜಿಗೆ ರಜೆ ಹಾಕಿದ. ಬೆಳಿಗ್ಗೆ ಬೀರುವಿನ ತಳದಿಂದ ಫೈಲು ಹುಡುಕಿ ತೆಗೆದ. ಹೆಂಡತಿ ಗುಂಡಿ ಸರಿಸಿ ಹೊಲಿದ ಅಂಗಿಯನ್ನೇ ಇಸ್ತ್ರಿ ಮಾಡಿ ಕೊಟ್ಟಳು. ಆಸ್ಪತ್ರೆಯ ಗೇಟಿನ ಹತ್ತಿರ ಕಾಲು ನಿಂತಿತು. ವಾಪಸ್ ಹೋಗುವುದಕ್ಕೆ ಬಸ್ಸೂ ಬಂದು ನಿಂತಿತ್ತು. ಒಳಗೆ ಗಾಜಿನ ಬಾಗಿಲಿನ ಹಿಂದೆ ಅವಳ ಸ್ವೆಟರ್ ಕಂಡಿತು. ಒಂಬತ್ತೂವರೆಗೇ ಬಂದು ಕೂತಿದ್ದಳು.

ಕಾಯುವ ಕೋಣೆಯಲ್ಲಿ ಹತ್ತು ಹನ್ನೆರಡು ಜನ. ಗೋಡೆಯ ಮೇಲೆ ಅವನ ಎರಡು ಫೋಟೋಗಳು ಹಾಗೆಯೇ ಇದ್ದವು, ಬಣ್ಣ ಸ್ವಲ್ಪ ಮಾಸಿತ್ತು. ಹೊಸ ನರ್ಸು ಒಬ್ಬಳು ತಂಗಿಯ ಫೈಲು ತೆಗೆದುಕೊಂಡು, ಅವಳ ಮುಖದ ಅಂಜಿಕೆ ನೋಡಿ ಧೈರ್ಯ ಹೇಳಲು ಹೋದಳು.

"ಹೆದರ್ಕೋಬೇಡಿ ಮೇಡಂ. ಅಲ್ಲಿ ನೋಡಿ, ಅವರು ಹೆಂಗಿದ್ದೋರು ಹೆಂಗಾಗಿದಾರೆ! ನೀವೂ ಹಾಗೇ ಆಗ್ತೀರ."

ತಂಗಿ ಅಣ್ಣನ ಕಡೆ ನೋಡಿದಳು. ಹೇಳುವುದು ಅವನಿಗೆ ಬಿಟ್ಟಿದ್ದು.

"ಅದು ನಾನೇ ಸಿಸ್ಟರ್," ಎಂದ ಅವನು.

ನರ್ಸು ಗೋಡೆ ನೋಡಿದಳು, ಅವನನ್ನು ನೋಡಿದಳು, ಎರಡು ಫೋಟೋಗಳಲ್ಲಿ ಯಾವುದಕ್ಕೆ ಹೋಲಿಸುವುದೆಂದು ತಿಳಿಯದೆ ಕೆಂಪಾದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ಅವನಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಫೈಲನ್ನು ನರ್ಸಿನ ಕೈಗೆ ಕೊಟ್ಟ.

"ಮೂರು ವರ್ಷ ಬಂದಿಲ್ಲ. ಮೊದಲು ನನ್ನದು ಹಾಕಿ."

ಮೂಲೆಯಲ್ಲಿದ್ದ ಯಂತ್ರ ವೇಬ್ರಿಜ್ಜಿನ ಮುಂದೆ ಒಂದು ಮಣೆಯಷ್ಟೂ ಇರಲಿಲ್ಲ. ಚಪ್ಪಲಿ ಬಿಟ್ಟ. ಜೇಬಿನಿಂದ ಬೀಗದ ಕೈ, ಫೋನು, ಚಿಲ್ಲರೆ ತೆಗೆದು ಬೆಂಚಿನ ಮೇಲಿಟ್ಟ. ಹತ್ತಿ ನಿಂತ.

"ಅಲ್ಲಾಡಬೇಡಿ ಸರ್," ಎಂದಳು ನರ್ಸು.

ಅಂಕಿಗಳು ಓಡಿದವು, ತಡಕಾಡಿದವು, ನಿಂತವು. ಇದು ಹತ್ತು ಹತ್ತರಲ್ಲಿ ಹೇಳುವ ಯಂತ್ರವಲ್ಲ. ನರ್ಸು ಅವನ ಮರ್ಯಾದೆಗೆಂದು ದನಿ ತಗ್ಗಿಸಿ ಓದಲು ಬಗ್ಗಿದಳು. ಅವನು ಕೈ ಅಡ್ಡ ಹಿಡಿದ.

"ನೂರ ಹದಿಮೂರು ಪಾಯಿಂಟ್ ಆರು!" ಎಂದು, ಲಾರಿ ಡ್ರೈವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದ. "ಬರ್ಕೊಳ್ಳಿ."

ಬೆಂಚಿನ ಮೇಲಿದ್ದವರು ಯಾರೂ ನಗಲಿಲ್ಲ. ಅವನು ಇಳಿದು ಪಕ್ಕಕ್ಕೆ ಸರಿದ. ತಂಗಿ ಆಗಲೇ ಚಪ್ಪಲಿ ಬಿಟ್ಟು, ಕೈಚೀಲವನ್ನು ದೂರ, ನೆಲದ ಮೇಲೆ ಇಟ್ಟು ಬರುತ್ತಿದ್ದಳು.